ಎದುರಾಡುವವಳು

“ಸಹಾಯಕಿ ಅಂತ ಬರೆದಿದೆ, ನೋಡಮ್ಮ. ಗಂಡನಿಗೆ ತಕ್ಕ ಸಹಾಯಕಿ. ಇದು ನಾನು ಹೇಳ್ತಿರೋದಲ್ಲ, ದೇವರ ಮಾತು,” ಎಂದು ಪಾಸ್ಟರು ಬೈಬಲಿನ ಪುಟದ ಮೇಲೆ ಬೆರಳಿಟ್ಟು ತಮ್ಮ ತಂಗಿಗೆ ಬುದ್ಧಿ ಹೇಳಿದರು. ತಂಗಿ ತಲೆ ಎತ್ತಲಿಲ್ಲ. ಅವಳ ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿತ್ತು. ಆ ಕೈಯನ್ನು ತಿರುಚಿ ಮುರಿದ ಮಹಾನುಭಾವ ಅದೇ ಸೋಫಾದಲ್ಲಿ, ಅವಳ ಪಕ್ಕದಲ್ಲೇ, ಗರಿಗರಿ ಶರ್ಟು ತೊಟ್ಟು ಕೂತಿದ್ದ. ಹೆಂಡತಿಯನ್ನು ವಾಪಸು ಕರೆದುಕೊಂಡು ಹೋಗಲು ಬಂದಿದ್ದನಂತೆ!

“ಏನ್ಮಾಡೋದು ಭಾವ, ಮಾತಿಗೆ ಮಾತು ಎದುರಾಡ್ತಾಳೆ. ಗಿರಾಕಿ ಮುಂದೇನೇ ‘ರೀ, ಈ ಕನ್ನಡಕದ ಪವರ್ ತಪ್ಪಾಗಿದೆ’ ಅಂದ್ಲು. ನನ್ನ ಅಂಗಡೀಲಿ ನನ್ನ ಮರ್ಯಾದೆ ಏನಾಗ್ಬೇಕು?”

“ಪವರ್ ತಪ್ಪಾಗಿತ್ತೋ ಇಲ್ವೋ?” ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾಸ್ಟರ ಹೆಂಡತಿ ಕೇಳಿದಳು.

ಕನ್ನಡಕದಂಗಡಿಯವನು ಕೆಮ್ಮಿದ. “ಅದು ಬೇರೆ ವಿಷಯ, ಅಕ್ಕ.”

ಅತ್ತಿಗೆಯ ಮೈ ಉರಿದುಹೋಯಿತು. ಪಾಸ್ಟರ ಹೆಂಡತಿ ಅಂದಮಾತ್ರಕ್ಕೆ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಹೆಂಗಸಲ್ಲ ಅವಳು. ಬೈಬಲ್ ಕಾಲೇಜಿನಲ್ಲಿ ಗಂಡನಿಗಿಂತ ಮೊದಲು ಹೀಬ್ರೂ ಕಲಿತವಳು. ಪರೀಕ್ಷೆಗೆ ಮುಂಚೆ ಅವರ ಕೈಹಿಡಿದು ತಿದ್ದಿಸಿದವಳೂ ಅವಳೇ.

“ರೀ, ಸಹಾಯಕಿ ಅಂತೀರಲ್ಲ, ಮೂಲದ ಹೀಬ್ರೂನಲ್ಲಿ ಏನಿದೆ ಹೇಳಿ.”

“ಏಜೆರ್.”

“ಆ ಪದಾನ ಇನ್ಯಾರಿಗೆ ಹೇಳಿದೆ?”

ಪಾಸ್ಟರು ಪುಟ ತಿರುವಿದಂತೆ ಮಾಡಿದರು. “ಕೀರ್ತನೆಗಳಲ್ಲಿ... ದೇವರಿಗೆ.”

“ಕಷ್ಟದಲ್ಲಿ ಬಂದು ಕಾಪಾಡೋ ದೇವರಿಗೆ! ಹಂಗಾದ್ರೆ ದೇವರೂ ಬಂದು ಇವರ ಮನೆ ಪಾತ್ರೆ ತಿಕ್ಕಬೇಕಾ? ಸರಿ, ಪಕ್ಕದ ಪದ?”

“ಈಗ ಅದೆಲ್ಲ ಯಾಕೆ...”

“ಕೆನೆಗ್ದೋ. ‘ತಕ್ಕ’ ಅಂತ ಹೇಳಿ ಜಾರಿಕೊಂಡ್ರಲ್ಲ, ಅದೇ. ಅರ್ಥ ಹೇಳಿ!”

“ನನಗೆ ಎದುರಾಡಬೇಡ, ಸುಮ್ನಿರು!” ಪಾಸ್ಟರು ರೇಗಿದರು.

“ಅದೇ ರೀ ಅರ್ಥ! ಎದುರು. ಗಂಡನ ಎದುರಿಗೆ, ಸರಿಸಮಕ್ಕೆ, ಮುಖಕ್ಕೆ ಮುಖ ಕೊಟ್ಟು ನಿಲ್ಲೋಳು. ಹಿಂದೆ ಅಲ್ಲ, ಕಾಲ ಕೆಳಗಂತೂ ಅಲ್ಲವೇ ಅಲ್ಲ. ನಿಮಗದು ಗೊತ್ತಿಲ್ವಾ? ಗೊತ್ತಿದ್ದೂ ನುಂಗಿಕೊಂಡು, ಒಡಹುಟ್ಟಿದೋಳನ್ನ ಇಂಥವನ ಕೈಗೆ ಮತ್ತೆ ಒಪ್ಪಿಸ್ತೀರಲ್ಲ, ನಾಚಿಕೆ ಆಗಲ್ವಾ?”

ತಂಗಿ ಸೋಫಾದಿಂದ ಎದ್ದಳು. ಊಟದ ಮೇಜಿನ ಕುರ್ಚಿಯೊಂದನ್ನು ಎಡಗೈಯಲ್ಲೇ ದರದರ ಎಳೆದು ತಂದು, ಗಂಡನ ಮುಂದೆ ಹಾಕಿ ಕೂತಳು.

“ಪವರ್ ತಪ್ಪಾಗಿತ್ತು,” ಎಂದಳು. “ಕೈ ಮುರಿದಿದ್ದು ನೀವು. ನಾನು ಬರಲ್ಲ.”

ಅವನು ನೆಲ ನೋಡಿದ, ಗೋಡೆ ನೋಡಿದ, ಕೊನೆಗೆ ಪಾಸ್ಟರ ಕಡೆ ತಿರುಗಿದ. “ನೋಡಿ ಭಾವ, ನಿಮ್ಮ ಮುಂದೇನೇ ಹೆಂಗೆ ಮಾತಾಡ್ತಾಳೆ!”

ಪಾಸ್ಟರು ಹೆಂಡತಿಯ ಮುಖ ನೋಡಿದರು, ತಂಗಿಯ ಕೈ ನೋಡಿದರು. ಬೈಬಲ್ ಮುಚ್ಚಿದರು.

“ನನ್ನನ್ನೇನು ನೋಡ್ತೀಯಾ? ಎದುರಿಗೆ ಕೂತಿದ್ದಾಳಲ್ಲ, ಅವಳ ಮುಖ ನೋಡಿ ಮಾತಾಡು.”