ಆಂಡ್ರಿಯಾ ಕೊಟ್ಟ ಕೊಂಬು

“ಇದು ಯಾರು ಕೊಟ್ಟದ್ದು?”

ಡೋಲ್ಫಿಯ ಚಹಾ ಲೋಟ ತುಟಿಯ ಹತ್ತಿರವೇ ನಿಂತಿತು. ಶೂ ಹಾಕಿಕೊಳ್ಳಲು ಬಗ್ಗಿದ ಹೆಂಡತಿಯ ಕೊರಳಿನಿಂದ ಸರದ ತುದಿ ಹೊರಗೆ ಜಾರಿತ್ತು. ಅದರಲ್ಲಿ ಒಂದು ಕೆಂಪು ಹವಳ, ಗಾಂಧಾರಿ ಮೆಣಸಿನ ಹಾಗೆ ಸಣ್ಣಗೆ, ಸೊಟ್ಟಗೆ, ನುಣ್ಣಗೆ. ನಿನ್ನೆ ಅದು ಇರಲಿಲ್ಲ.

ಕ್ಯಾಥರಿನ್ ಲೇಸ್ ಬಿಗಿದು ಎದ್ದು ನಿಂತಳು. “ಆಂಡ್ರಿಯಾ.”

“ಡಿಲನ್ ಅಲ್ಲ ತಾನೆ?”

“ಡಿಲನ್‌ಗೆ ಹವಳಕ್ಕೂ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ಗೊತ್ತಿಲ್ಲ ಮಾರಾಯ್ರೆ. ಇದು ಕೊಂಬು. ಹೊಟ್ಟೆಕಿಚ್ಚಿನವರ ದೃಷ್ಟಿ ತಾಗದ ಹಾಗೆ ಇಟಲಿಯವರು ಹಾಕಿಕೊಳ್ಳುವುದಂತೆ.”

ಡೋಲ್ಫಿ ಉಸಿರು ಬಿಟ್ಟ. ಚಹಾ ಒಂದೇ ಗುಟುಕಿಗೆ ಮುಗಿಸಿದ.

ಹೊಟ್ಟೆಕಿಚ್ಚು ಅವನ ಹುಟ್ಟುಗುಣ. ಕೊಲ್ಲಿ ದೇಶದ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ ಅವನಷ್ಟು ಶಾಂತ ಮನುಷ್ಯ ಇನ್ನೊಬ್ಬನಿರಲಿಲ್ಲ. ಆದರೆ ಹೆಂಡತಿ ಎಗೈಲಾದ ಮಾಲ್‌ನಲ್ಲಿ ಆಭರಣದಂಗಡಿ ಸೇರಿದ ಮೇಲೆ ಅವನ ನೆಮ್ಮದಿ ಕೆಟ್ಟು ಕೆರ ಹಿಡಿಯಿತು. ಕಾರಣ, ಪಕ್ಕದ ಕೌಂಟರಿನ ಡಿಲನ್. ಕುಂದಾಪುರದ ಹುಡುಗ, ಚರ್ಚಿನಲ್ಲಿ ಗಿಟಾರ್ ನುಡಿಸುತ್ತಾನೆ, ನಕ್ಕರೆ ಕೆನ್ನೆಯಲ್ಲಿ ಗುಳಿ. ಒಂದು ಸಂಜೆ ಕ್ಯಾಥರಿನ್‌ಳನ್ನು ತನ್ನ ಕಾರಿನಲ್ಲಿ ಮನೆ ತನಕ ಬಿಟ್ಟುಹೋದ. ಅವತ್ತು ಡೋಲ್ಫಿ ಊಟದ ತಟ್ಟೆ ಮುಟ್ಟಲಿಲ್ಲ.

ಆಗ ದೇವರೇ ಕಳಿಸಿದ ಹಾಗೆ ಬಂದದ್ದು ಆಂಡ್ರಿಯಾ. ನೇಪಲ್ಸ್ ಹತ್ತಿರದ ಟೊರೆ ದೆಲ್ ಗ್ರೆಕೊ ಊರು. ಅಲ್ಲಿ ತಲೆತಲಾಂತರದಿಂದ ಹವಳ ಕೆತ್ತುವುದೇ ಕಸುಬು. ಅಂಗಡಿಯ ಯಜಮಾನ ಅಲ್ಲಿಂದ ಕರೆಸಿ, ಹಿಂದಿನ ಕೋಣೆಗೆ ದಪ್ಪ ಪರದೆ ಕಟ್ಟಿಸಿ ಕೂರಿಸಿದ. ಮಣಿ ಪೋಣಿಸುವ ಸಹಾಯಕ್ಕೆ ಒಬ್ಬರು ಬೇಕಂತೆ, ಹೋಗಲಾ ಎಂದು ಕ್ಯಾಥರಿನ್ ಕೇಳಿದಳು.

“ಕೇಳುವುದೇನು, ಹೋಗು,” ಅಂದ ಡೋಲ್ಫಿ. ಪರದೆಯ ಒಳಗೆ ಹೆಂಡತಿ, ಹೊರಗೆ ಡಿಲನ್. ಇನ್ನೇನು ಬೇಕು? ಹೆಸರೂ ಅವನಿಗೆ ಹಿತವಾಗಿ ಕೇಳಿಸಿತು. ಅವನ ದೊಡ್ಡಮ್ಮನ ಮಗಳೂ ಆಂಡ್ರಿಯಾ. ಬಜ್ಪೆಯ ಕಾನ್ವೆಂಟಿನಲ್ಲಿ ಸಿಸ್ಟರ್.

ಅಲ್ಲಿಂದ ಮುಂದೆ ಮನೆಯಲ್ಲಿ ಹವಳದ್ದೇ ಮಾತು. ಅವಸರದಲ್ಲಿ ಉಜ್ಜಿದರೆ ಹವಳ ಬಿರುಕು ಬಿಡುತ್ತದಂತೆ, ಆಂಡ್ರಿಯಾ ಹೇಳಿದ್ರು. ಮಣಿಮಣಿಯ ನಡುವೆ ರೇಷ್ಮೆ ದಾರದ ಗಂಟು ಬೀಳಬೇಕಂತೆ, ಆಂಡ್ರಿಯಾ ಕೈ ಹಿಡಿದು ಕಲಿಸಿದ್ರು. ಮದುವೆಯ ಉಂಗುರ ತಾಗಿ ಹವಳಕ್ಕೆ ಗೀರು ಬೀಳುತ್ತದಂತೆ, ಹಾಗಾಗಿ ಅದನ್ನು ಕಳಚಿ ಕಪಾಟಿನಲ್ಲಿಟ್ಟಳು.

“ಅವರ ಕೈ ಉಪ್ಪುಕಾಗದದ ಹಾಗೆ ಒರಟು,” ಅಂದಳು ಒಂದು ದಿನ.

“ಪಾಪ. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳು ಅವಳಿಗೆ.”

ಕ್ಯಾಥರಿನ್ ಆ ಕಡೆ ತಿರುಗಿ, ತೊಳೆದ ಪಾತ್ರೆಗೇ ಮತ್ತೆ ನಲ್ಲಿ ಬಿಟ್ಟಳು.

ಡೋಲ್ಫಿ ಉಪಕಾರ ಮರೆಯುವವನಲ್ಲ. ಬಂಗುಡೆ ಪುಳಿಮುಂಚಿ ಮಾಡಿದ ದಿನ ಆಂಡ್ರಿಯಾಗೂ ಒಂದು ಡಬ್ಬಿ ತುಂಬಿಸುತ್ತಿದ್ದ. ಕ್ರಿಸ್ಮಸ್ಸಿಗೆ ಮಾಲ್‌ನ ಹೆಂಗಸರ ವಿಭಾಗದಲ್ಲೆಲ್ಲ ಸುತ್ತಿ, ಹವಳದ ಬಣ್ಣದ ರೇಷ್ಮೆ ಸ್ಕಾರ್ಫ್ ಆರಿಸಿ ತಂದ. ಅಂಚಿನ ಉದ್ದಕ್ಕೂ ಬಿಳಿ ಹಕ್ಕಿಗಳು. ಅದನ್ನು ಕಂಡು ಕ್ಯಾಥರಿನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಖಂಡಿತ ಕೊಡ್ತೇನೆ. ಹಾಕಿಯೇ ಹಾಕಿಕೊಳ್ತಾರೆ.” ಪ್ರತಿಯಾಗಿ ಡೋಲ್ಫಿಗೂ ಒಂದು ಹವಳದ ಕೊಂಬು ಬಂತು. ಅದನ್ನು ಅವನು ಕಾರಿನ ಕೀಗೆ ಸಿಕ್ಕಿಸಿಕೊಂಡು ಗೋದಾಮಿನವರಿಗೆಲ್ಲ ತೋರಿಸಿದ.

ಒಂದು ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಬರುವಾಗ ಡಿಲನ್ ಅಡ್ಡ ಬಂದ. ಮುಖ ಸಪ್ಪಗಿತ್ತು.

“ಡೋಲ್ಫಿಯಣ್ಣ, ಆಂಡ್ರಿಯಾ ವಿಷಯ ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು.”

“ಯಾಕೆ, ಹೊಟ್ಟೆ ಉರೀತದಾ ನಿನಗೆ? ನನಗೆ ಎಲ್ಲ ಗೊತ್ತುಂಟು. ಅವಳನ್ನು ಅಲ್ಲಿಗೆ ಕಳಿಸುವುದೇ ನಾನು.”

ಡಿಲನ್ ಅವನನ್ನೇ ನೋಡುತ್ತ ನಿಂತ. “ಹಾಗಾದ್ರೆ ಖಲಾಸ್. ನಾನ್ಯಾರು ಮಧ್ಯ,” ಎಂದು ಗಿಟಾರ್ ಹೆಗಲಿಗೇರಿಸಿ ಹೋದ. ಡೋಲ್ಫಿಗೆ ಅವತ್ತು ಬಿರಿಯಾನಿ ಎಂದಿಲ್ಲದಷ್ಟು ರುಚಿಸಿತು.

ಜನವರಿಯಲ್ಲಿ ಆಂಡ್ರಿಯಾ ಊರಿಗೆ ಹಿಂತಿರುಗುವ ಸಮಯ ಬಂತು. ಕ್ಯಾಥರಿನ್‌ಳೂ ಜೊತೆಗೆ ಹೋಗಿ ಒಂದು ತಿಂಗಳು ಅಲ್ಲೇ ಕೆಲಸ ಕಲಿಯಬಹುದಂತೆ. ಡೋಲ್ಫಿ ಒಂದು ಗಳಿಗೆ ಯೋಚಿಸಿದ. ಇಟಲಿಯಲ್ಲಿ ಅವಳು, ಎಗೈಲಾದ ಕೌಂಟರಿನಲ್ಲಿ ಡಿಲನ್. ಟಿಕೆಟ್ ತಾನೇ ಮಾಡಿಸಿಕೊಟ್ಟ.

ವಿಮಾನ ನಿಲ್ದಾಣದಲ್ಲಿ ಎರಡು ದೊಡ್ಡ ಪೆಟ್ಟಿಗೆಗಳನ್ನೂ ಅವನೇ ಇಳಿಸಿದ. ಒಂದು ತಿಂಗಳಿಗೆ ಇಷ್ಟು ಸಾಮಾನಾ ಎಂದರೆ, ಅಲ್ಲಿ ಚಳಿ ಎಂದಳು. ಇವತ್ತು ಹವಳ ಅವಳ ರವಿಕೆಯ ಮೇಲೇ ಇತ್ತು.

“ಆಂಡ್ರಿಯಾ ಎಲ್ಲಿ? ಒಂದು ಥ್ಯಾಂಕ್ಸ್ ಹೇಳುತ್ತಿದ್ದೆ.”

“ಅವರು ಆಗಲೇ ಒಳಗೆ ಹೋದರು.”

“ಚೆನ್ನಾಗಿ ನೋಡಿಕೋ ಅವಳನ್ನು.”

ಕ್ಯಾಥರಿನ್ ಅವನ ಮುಖವನ್ನು ಒಮ್ಮೆ ದಿಟ್ಟಿಸಿದಳು. “ನೋಡಿಕೊಳ್ತೇನೆ,” ಎಂದು ಒಳಗೆ ನಡೆದಳು.

ಡೋಲ್ಫಿ ಗಾಜಿಗೆ ಹಣೆ ಒತ್ತಿ ನಿಂತ. ಸ್ಕಾರ್ಫ್ ಕಂಡರೆ ಗುರುತು ಸಿಗುತ್ತದೆ, ಕೈ ಬೀಸಿಬಿಡೋಣ ಎಂದು ಪಾಸ್‌ಪೋರ್ಟ್ ಸಾಲಿನ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಯಾರ ಕೊರಳಲ್ಲೂ ಅದಿರಲಿಲ್ಲ.

ಬಿಳಿ ಹಕ್ಕಿಗಳ ಆ ಸ್ಕಾರ್ಫ್ ಇದ್ದದ್ದು, ಕ್ಯಾಥರಿನ್‌ಳ ಕೈಚೀಲವನ್ನು ಹೆಗಲಿಗೇರಿಸಿಕೊಂಡು ಅವಳ ಸೊಂಟ ಬಳಸಿ ನಿಂತ ಗಡ್ಡದವನ ಕೊರಳಲ್ಲಿ.