ರವಿವಾರದ ಚೌಕಾಬಾರ

ರವಿವಾರವನ್ನು ಹೇಗೆ ಸುಖವಾಗಿ ಕಳೆಯಬೇಕೆಂದು ಹುಬ್ಬಳ್ಳಿಯ ಮನೆಗಳಲ್ಲಿ ವಿರಾಮ ಇಲಾಖೆಯ ಮಾತಾಡುವ ಗೋಡೆ ಶನಿವಾರವೇ ಹೇಳಿಬಿಡುತ್ತಿತ್ತು. ಬಸ್ ಕಂಡಕ್ಟರ್ ನೀಲಗಂಗಾಳಿಗೆ ಈ ಸಲ ಎಣ್ಣೆಸ್ನಾನ, ಅರ್ಧ ಗಂಟೆ ಕೊಳಲು ಕೇಳುವುದು, ಆಮೇಲೆ ನಿದ್ದೆ ಎಂದು ಬಂದಿತ್ತು. ಅವಳು ಅದನ್ನೆಲ್ಲ ಬಿಟ್ಟು ಪಕ್ಕದ ಮನೆಯ ಹಜರತ್‌ಬಿಯೊಡನೆ ಕಟ್ಟೆಯ ಮೇಲೆ ಚೌಕಾಬಾರಕ್ಕೆ ಕೂತಳು. ಆರು ದಿನ ಬಸ್ಸಿನಲ್ಲಿ ನುಂಗಿಕೊಂಡ ಸಿಟ್ಟೆಲ್ಲ ಅವಳಿಗೆ ಇಳಿಯುತ್ತಿದ್ದದ್ದು ಈ ಆಟದ ಜಗಳದಲ್ಲೇ.

"ಕಾಯಿ ಸರಿಸಿದ್ದು ನಾ ನೋಡೇನಿ, ಕಳ್ಳಿ!" ಎಂದು ನೀಲಗಂಗಾ ಕೂಗಿದಳು. ಅವಳ ಮಣಿಕಟ್ಟಿನ ಪಟ್ಟಿ ಕೆಂಪಾಯಿತು. ಎದೆಬಡಿತ ಏರಿದೆ, ವಿಶ್ರಾಂತಿ ಕೆಟ್ಟಿದೆ ಎಂದು ಗೋಡೆ ಎರಡು ಸಲ ಎಚ್ಚರಿಸಿತು. ಮೂರನೆಯ ಸಲಕ್ಕೆ ವಿರಾಮ ಇಲಾಖೆಯ ವ್ಯಾನೇ ಬಂದು ನಿಂತಿತು.

"ನಡೀರಿ ಅಕ್ಕಾರ, ಎರಡು ದಿನ ಶಾಂತಿಧಾಮದಾಗ ಮಲಗಿಸ್ತೀವಿ," ಎಂದ ಅಧಿಕಾರಿ.

"ಆಟ ಮುಗೀಲಿ. ಅಲ್ಲೀತನಕ ನಿಂದರ್ರಿ."

ಅವನು ನಿಂತ. ನೀಲಗಂಗಾ ಸೋತಳು, ಬಾಯ್ತುಂಬ ಬೈದಳು, ಸೆರಗು ಸಿಕ್ಕಿಸಿಕೊಂಡು ವ್ಯಾನ್ ಹತ್ತಿದಳು.

ಹಜರತ್‌ಬಿಯ ಪಟ್ಟಿ ಹಸಿರಾಗೇ ಇತ್ತು. ಅವಳನ್ನು ಯಾರೂ ಕರೆದಿರಲಿಲ್ಲ. ಆದರೂ ಅವಳು ಕವಡೆಗಳನ್ನು ಬಾಚಿ ಉಡಿಗೆ ಹಾಕಿಕೊಂಡು, ಅಧಿಕಾರಿಯನ್ನು ಪಕ್ಕಕ್ಕೆ ಸರಿಸಿ, ವ್ಯಾನಿನೊಳಗೆ ಗೆಳತಿಯ ಎದುರಿಗೇ ಹೋಗಿ ಕೂತಳು.

"ಹಾಕು ನೀಲಾ," ಎಂದಳು, "ಪಾಳಿ ನಿಂದು."