ಅಜ್ಜಿಯ ಒದ್ದೆ ಸೆರಗು

ನಾವಿರುವ ವಾಕಡದ ಪೆಟ್ರೋಲ್ ಪಂಪಿನಲ್ಲಿ ಮಳೆನೀರು ನಿಂತರೆ, ಪೆಟ್ರೋಲ್ ಬೆರೆತ ಆ ನೀರಿನ ವಾಸನೆಗೆ ನನಗೆ ಇಂದಿಗೂ ಪಾನಶೆತ್ ಡ್ಯಾಮಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಸೂಟಿಯಲ್ಲಿ ಅಪ್ಪ ನಮ್ಮನ್ನೆಲ್ಲ ಜೆಟ್‌ಬೋಟ್ ಹತ್ತಿಸಿದ್ದ. ಅಜ್ಜಿ ಮಾತ್ರ ಚಪ್ಪಲಿಯನ್ನು ದಂಡೆಯಲ್ಲೇ ಬಿಟ್ಟು ಹತ್ತಿದಳು. ಬೋಟು ಗರ್ರನೆ ತಿರುಗಿದಾಗ ನಾವು ಕಿರುಚಿ ನಕ್ಕೆವು. ಅಜ್ಜಿ ಚಾಲಕನ ಭುಜ ತಟ್ಟಿ, "ತಮ್ಮಾ, ಸಾವಕಾಶ ಹೊಡಿಯೋ. ಕೆಳಗ ಮನಿ ಇರ್ತಾವ," ಅಂದಳು.

ಅವನಿಗೆ ಕನ್ನಡ ತಿಳಿಯಲಿಲ್ಲ. ತನ್ನ ತಾಯಿ ಅಂಜಿದ್ದಾಳೆಂದು ಅಪ್ಪ ಮರಾಠಿಯಲ್ಲಿ ಹೇಳಿದ.

"ಅಂಜಿಲ್ಲೋ," ಅಂದಳು ಅಜ್ಜಿ. ಬೆಳಗಾವಿ ಕಡೆಯ ಅವಳ ತವರೂರು ಇಂಥದೇ ಡ್ಯಾಮಿನಲ್ಲಿ ಮುಳುಗಿತ್ತು.

ಬೋಟು ನಿಧಾನವಾಯಿತು. ತವರಿನಿಂದ ಹೊರಡುವಾಗ ಉಡಿ ತುಂಬಿಸಿಕೊಳ್ಳುವವಳ ಹಾಗೆ ಅಜ್ಜಿ ಸೆರಗೊಡ್ಡಿ ಕೂತಳು. ನೀರು ಸಿಡಿದು ಬಂದು ಅದರಲ್ಲಿ ಬಿತ್ತು.

ದಂಡೆಯಲ್ಲಿ ಅವ್ವ ಆ ಸೆರಗು ಹಿಂಡಲು ಹೋದಳು. ಅಜ್ಜಿ ಬಿಡಲಿಲ್ಲ.

"ಇರ್ಲಿ ಬಿಡವಾ, ಮನಿಗೆ ಒಯ್ತೇನಿ."